ಟೈಲರಮ್ಮನ ನಾಣ್ಯದ ಹಲಗೆ

"ಹುಷಾರು, ಕಾಲ ಮೇಲೆ ಬಿದ್ದೀತು!" ಎಂದು ಚಿಕ್ಕಮ್ಮ ಕೂಗುವಷ್ಟರಲ್ಲಿ ಹಲಗೆ ಗೋಡೆಯಿಂದ ಅರ್ಧ ಇಳಿದಿತ್ತು. ಒಂದು ಕಡೆ ಟೈಲರಮ್ಮನ ಮಗಳು, ಇನ್ನೊಂದು ಕಡೆ ಪಕ್ಕದ ಮನೆಯ ಬಡಗಿ. ನಡುಮನೆಯಲ್ಲಿ ಟೈಲರಮ್ಮನ ದೇಹ ಮಲಗಿಸಿದ್ದರು. ಹೊರುವವರು ಬರುವ ಮುಂಚೆ ಬಾಗಿಲ ಹತ್ತಿರ ಜಾಗ ಮಾಡಬೇಕಿತ್ತು.

"ಅಕ್ಕನ ಹೊಲಿಗೆಗೆ ಊರೇ ಕೈಮುಗೀತಿತ್ತು. ಇದೊಂದರ ತಲೆಬುಡ ಮಾತ್ರ ಗೊತ್ತಾಗಲಿಲ್ಲ ನೋಡು," ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ಹಲಗೆಯ ತುಂಬ ಚಲಾವಣೆ ನಿಂತ ಹಳೇ ನಾಣ್ಯಗಳು. ಯಾವುದೋ ಮುಖ ಎನ್ನುವುದೇನೋ ತಿಳಿಯುತ್ತಿತ್ತು. ಆದರೆ ಕೆನ್ನೆ ಅರ್ಧ ತಾಮ್ರ, ಅರ್ಧ ಬಿಳಿ, ಮೂಗು ಹಿತ್ತಾಳೆ.

"ಹೊರಗೆ ಒಯ್ಯಬೇಡಿ," ಮೂಲೆಯ ಕುರ್ಚಿಯಿಂದ ಅಪ್ಪ ಹೇಳಿದ. "ನನ್ನ ಹತ್ರ ತನ್ನಿ."

*

ಅಪ್ಪನ ಕಣ್ಣು ಹೋದಾಗ ಮಗಳಿಗೆ ಆರು ವರ್ಷ. ಆ ವರ್ಷವೇ ಅಮ್ಮ ಗುಜರಿ ಅಂಗಡಿಯಿಂದ ಡಬ್ಬಿಗಟ್ಟಲೆ ನಾಣ್ಯ ತಂದಳು. ತೊಳೆದು, ಬೆರಳಲ್ಲಿ ಸವರಿ, ಕಣ್ಣು ಮುಚ್ಚಿಕೊಂಡು ಅಂಟಿಸುತ್ತಿದ್ದಳು. ತೂಕಡಿಸುತ್ತಿದ್ದಾಳೆ ಎಂದೇ ಮಗಳು ತಿಳಿದಿದ್ದಳು. ವರ್ಷಕ್ಕೊಮ್ಮೆ ಕೆಲವನ್ನು ಕಿತ್ತು ಮತ್ತೆ ಜೋಡಿಸುವಳು.

"ಬಣ್ಣಕ್ಕೆ ಬಣ್ಣ ಸೇರ್ತಿಲ್ಲಮ್ಮ. ನಾಲ್ಕು ಜನ ಬಂದಾಗ ಮಾನ ಹೋಗುತ್ತೆ, ಒಳಗಿಡು," ಎಂದಿದ್ದಳು ಹದಿನಾರರ ಮಗಳು.

"ನಿನ್ನ ಕಣ್ಣಿಗೆ ಮಾಡಿದ್ದಲ್ಲ ಬಿಡೇ," ಎಂದು ಅಮ್ಮ ನಕ್ಕಿದ್ದಳು.

*

ಅಪ್ಪನ ಬೆರಳು ನೇರ ಕೆನ್ನೆಗೆ ಹೋಯಿತು. ಅಲ್ಲಿದ್ದವು ಸವೆದು ನುಣುಪಾದ ನಾಣ್ಯಗಳು. ಕೂದಲಿಗೆ, ಅಂಚು ಮೇಲಾಗಿ ನಿಲ್ಲಿಸಿದ ಗೀರುಗೀರಿನವು.

"ಇದು ನೀನು ಕಣಮ್ಮ. ಮುಟ್ಟಿ ನೋಡೋಣ ಅಂದ್ರೆ ನೀನೆಲ್ಲಿ ನಿಂತಲ್ಲಿ ನಿಲ್ತಿದ್ದೆ? ನೀನು ಬೆಳೆದ ಹಾಗೆಲ್ಲ ಬದಲಾಯಿಸ್ತಿದ್ಲು. ಹಲ್ಲು ಬಿದ್ದಾಗ ಇಲ್ಲೊಂದು ಕಿತ್ತಿದ್ಲು. ಹೋದ ತಿಂಗಳು ಕಣ್ಣಿನ ಪಕ್ಕ ಈ ಎರಡು ಗೆರೆ. ನಕ್ಕಾಗ ಬೀಳುತ್ತಂತೆ, ಹೌದಾ?"

"ನನಗ್ಯಾಕೆ ಹೇಳಲಿಲ್ಲ ಅಪ್ಪ?"

"ಗೊತ್ತಾದ್ರೆ ಫೋಟೋಗೆ ಕೂತ ಹಾಗೆ ಮುಖ ಬಿಗಿದುಕೊಂಡು ಓಡಾಡ್ತಾಳೆ, ಹೇಳ್ಬೇಡಿ ಅಂದಿದ್ಲು."

ಚಿಕ್ಕಮ್ಮ ಅಳುವಿನ ನಡುವೆಯೇ ನಕ್ಕಳು. ಮಗಳು ಹಲಗೆಯ ಅಂಚು ಸವರಿದಳು. "ಅಮ್ಮ ತನ್ನ ಮುಖ ಎಲ್ಲಿ ಮಾಡಿದಾಳೆ?"

"ನಿನ್ನದೂ ಒಂದು ಮಾಡೇ ಅಂತ ಅವಳಿಗೆ ಎಷ್ಟು ಸಲ ಹೇಳಿದೆ. 'ನಾನು ಇಲ್ಲೇ ಇದೀನಲ್ಲ' ಅಂತಿದ್ಲು."

ಹೊರುವವರು ಬಂದರು. ಮಗಳು ಅಪ್ಪನ ಕೈಹಿಡಿದು ಅಮ್ಮನ ಪಕ್ಕ ಕೂರಿಸಿದಳು. ಅವನು ಹಣೆಯಿಂದ ಶುರುಮಾಡಿದ. ಹುಬ್ಬು, ರೆಪ್ಪೆ, ಮೂಗಿನ ಏಣು, ತುಟಿಯ ಕೊನೆ. ಒಂದನ್ನೂ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಬಡಗಿ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ, ಹೊರುವವರನ್ನು ಹೊಸಿಲಾಚೆಯೇ ನಿಲ್ಲಿಸಿಕೊಂಡಿದ್ದ.