ಬೆನ್ನಿನ ಅಳತೆ

ತರೀಕೆರೆ ಬಸ್ ಸ್ಟ್ಯಾಂಡ್ ಎದುರಿನ ಬ್ಯಾಗಿನ ಅಂಗಡಿಯಲ್ಲಿ ತಿಮ್ಮೇಶ್ ಹೆಂಡತಿಗೆ ಒಂದೊಂದೇ ಬ್ಯಾಗು ಹಾಕಿ ನೋಡುತ್ತಿದ್ದ.

"ಎಲ್ಲಾದ್ರೂ ಒತ್ತುತ್ತಾ ಏನೇ? ನಾಚ್ಕೋಬೇಡ, ನಿಜ ಹೇಳು."

ಮದುವೆಯಾದ ಮೇಲೆ ಅವನು ಭುವನಾಳನ್ನು ಹೀಗೆ ಕೇಳಿದ್ದು ಇದೇ ಮೊದಲು.

ಶಿವನಿ ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ತಿಮ್ಮೇಶನಿಗೆ ಹೊಳೆಗಿಳಿದು ಗಾಳ ಬೀಸುವ ಹುಚ್ಚು ಹತ್ತಿತ್ತು. ಎರೆಹುಳದ ಗಾಳವಲ್ಲ. ಕೊಕ್ಕೆಗೆ ಕೋಳಿಪುಕ್ಕ ಸುತ್ತಿ ನೊಣದಂತೆ ಮಾಡಿ, ಉದ್ದನೆಯ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ನೀರಿನ ಮೇಲೆ ಮೆತ್ತಗೆ ಕೂರಿಸುವ ಗಾಳ. ಸಿಕ್ಕ ಮೀನನ್ನು ತಿನ್ನುವಂತಿಲ್ಲ, ಫೋಟೋ ತೆಗೆದು ವಾಪಸ್ ಬಿಡಬೇಕು. ಆ ನೊಣಗಳನ್ನು ಕಟ್ಟುತ್ತಿದ್ದವಳು ಭುವನಾ. ಅವನ ದಪ್ಪ ಬೆರಳಿಗೆ ಆ ಕೆಲಸ ಬಗ್ಗುತ್ತಿರಲಿಲ್ಲ. ಅವಳು ಅನ್ನಕ್ಕಿಟ್ಟು ಕುಕ್ಕರ್ ಕೂಗುವಷ್ಟರಲ್ಲಿ ಒಂದು ಕಟ್ಟಿಬಿಡುತ್ತಿದ್ದಳು. ತಾನು ಕಟ್ಟಿದ್ದನ್ನು ಒಂದು ಸಲ ತಾನೇ ಬೀಸಿ ನೀರಿಗೆ ಬಿಡಬೇಕು, ಅದು ಹೇಗೆ ಕೂರುತ್ತದೆಂದು ನೋಡಬೇಕು ಎಂಬ ಆಸೆ ಅವಳಿಗೆ. ಕೇಳಿದಾಗಲೆಲ್ಲ "ನಿಂಗ್ಯಾಕೆ" ಎನ್ನುತ್ತಿದ್ದವನು ಮೊನ್ನೆ ತಾನಾಗಿಯೇ, "ಭಾನುವಾರ ನೀನೂ ಬಾ ಕಣೇ. ನಿಂಗೊಂದು ಬ್ಯಾಗ್ ತಗಳಾಣ" ಎಂದಿದ್ದ.

ಒಂದೇ ಹೆಗಲಿಗೆ ಹಾಕುವ ಬ್ಯಾಗು ಬಗ್ಗಿದರೆ ಮುಂದಕ್ಕೆ ಜಾರುತ್ತಿತ್ತು. ಸೊಂಟಕ್ಕೆ ಕಟ್ಟುವುದು ಹೊಳೆಯಲ್ಲಿ ನೆನೆಯುತ್ತದೆ ಎಂದು ಬೇಡವಾಯಿತು. ಎದೆಯ ಮೇಲೆ ಕೂರುವ ಬ್ಯಾಗನ್ನು ಅಂಗಡಿಯ ನಂಜುಂಡಪ್ಪ ಹೊಗಳಿದ. "ನೀರಲ್ಲಿ ನಿಂತವ್ರಿಗೆ ಇದೇ ಸರಿ ಕಣ್ರೀ. ಬೆನ್ನಿಗೆ ಹಾಕೋದಾದ್ರೆ ಅವರ ಕೈಗೆ ಎಟುಕಲ್ಲ."

"ಅವಳಿಗೆ ಎಟುಕೋದೇನ್ ಬೇಡ," ಎಂದ ತಿಮ್ಮೇಶ್.

ಕೊನೆಗೆ ಬೆನ್ನಿನದನ್ನೇ ಆರಿಸಿದ. ಪಕ್ಕದ ಅಂಗಡಿಯಿಂದ ಉಪ್ಪಿನ ಪ್ಯಾಕೆಟ್ ತಂದು ತುಂಬಿ ಅವಳನ್ನು ನಡೆಸಿದ, ಬಗ್ಗಿಸಿದ, ಕೈ ಎತ್ತಿಸಿದ. ಪಟ್ಟಿಗೂ ಹೆಗಲಿಗೂ ನಡುವೆ ಬೆರಳು ತೂರಿಸಿ ನೋಡಿದ. ತವರೂರು ಎಮ್ಮೆದೊಡ್ಡಿಯಲ್ಲಿ ಅವಳಪ್ಪ ಹೊಸ ಹೋರಿಗೆ ನೊಗ ಇಟ್ಟಾಗ ಹೀಗೆಯೇ ಬೆರಳು ತೂರಿಸುತ್ತಿದ್ದ. ಭುವನಾಳಿಗೆ ಅಪ್ಪ ನೆನಪಾಗಿ ಕಣ್ಣು ತುಂಬಿತು.

"ನೀರಿಗೆ ಬಿದ್ರೂ ಮುಳುಗಲ್ಲ, ಒಳಗೆ ಒಂದ್ ಹನಿ ಹೋಗಲ್ಲ," ಎಂದ ನಂಜುಂಡಪ್ಪ. "ಈ ಕ್ಲಿಪ್ ಅಮುಕಿ ಹೆಗಲು ಜಾಡಿಸಿದ್ರೆ ಸಾಕಮ್ಮ, ಕಳಚ್ಕೊಂಡ್ಬಿಡುತ್ತೆ."

ಭಾನುವಾರ ಹೊಳೆಯ ದಡದಲ್ಲಿ ತಿಮ್ಮೇಶನ ಗೆಳೆಯ ಮಲ್ಲಿಕಾರ್ಜುನ ಕಾಯುತ್ತಿದ್ದ. ಬ್ಯಾಗಿಗೆ ನೊಣದ ಡಬ್ಬಿಗಳು, ದಾರದ ಉಂಡೆ, ಕಟರ್, ಇಕ್ಕಳ, ನೀರಿನ ಬಾಟ್ಲಿ, ಮೂವರ ಬುತ್ತಿ ಎಲ್ಲ ಹೋದವು. ತಿಮ್ಮೇಶ್ ಗಾಳದ ಕೋಲನ್ನು ಜೋಡಿಸಿದ. ಇದ್ದದ್ದು ಒಂದೇ ಕೋಲು.

"ರೀ, ನಂಗೆ?"

"ನಿಂಗೆ ಬ್ಯಾಗ್ ಐತಲ್ಲ."

ಸೊಂಟದ ತನಕದ ನೀರಿನಲ್ಲಿ ಅವಳು ಅವನ ಹಿಂದೆ ನಿಂತಳು. ಚೂಡಿದಾರ್ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಏನಾದರೂ ಬೇಕಾದಾಗ ಅವನು "ತಿರುಗು" ಎನ್ನುತ್ತಿದ್ದ. ಅವಳು ಬೆನ್ನು ಕೊಡುತ್ತಿದ್ದಳು. ಅವನು ಜಿಪ್ ಎಳೆದು ಬೇಕಾದ್ದು ತೆಗೆದುಕೊಳ್ಳುತ್ತಿದ್ದ.

ದಡದ ಬಂಡೆಯ ಮೇಲೆ ಕೂತ ಮಲ್ಲಿಕಾರ್ಜುನ, "ಒಳ್ಳೆ ಬ್ಯಾಗ್ ಕಣೋ. ಕಾಲೂ ಐತೆ," ಎಂದ.

"ಹೂಂ. ಕರೆದ ಕಡೆ ಬತ್ತದೆ."

ಇಬ್ಬರೂ ನಕ್ಕರು. ಭುವನಾ ನೀರನ್ನು ನೋಡುತ್ತಾ, "ರೀ, ಒಂದೇ ಒಂದ್ ಸಲ ನಾನು ಬೀಸ್ತೀನಿ. ಆಮೇಲೆ ಕೇಳಲ್ಲ," ಎಂದಳು.

"ಸುಮ್ನಿರೇ, ಮೀನು ಎದ್ದಾವೆ."

ಅವನು ಜೋರಾಗಿ ಹಿಂದಕ್ಕೆ ಬೀಸಿದ. ದಾರ ಮುಂದಕ್ಕೆ ಹೋಗಲಿಲ್ಲ. ಕೊಕ್ಕೆ ಭುವನಾಳ ತೋಳಿನಲ್ಲಿ ನೆಟ್ಟಿತ್ತು.

"ಅಲ್ಲಾಡ್ಬೇಡ ಕಣೇ, ನೊಣ ಹಾಳಾಗ್ತದೆ."

"ಏನೋ ಸಿಕ್ತು?" ದಡದಿಂದ ಪ್ರಶ್ನೆ.

"ಹೆಂಡ್ತಿ."

"ಹಿಡಿದಿದ್ದನ್ನೆಲ್ಲ ವಾಪಸ್ ಬಿಡೋನಲ್ವ ನೀನು? ಇದನ್ನೂ ಬಿಡ್ತೀಯೇನೋ?"

"ಬುತ್ತಿ ಇವಳತ್ರ ಐತೆ ಕಣೋ. ಉಂಡ್ಮೇಲೆ ನೋಡಾಣ."

ಅವನು ಒಂದು ಸಲ ಜಗ್ಗಿದ. ಕೊಕ್ಕೆಯ ಮುಳ್ಳು ಒಳಗೇ ಹಿಡಿದು ರಕ್ತ ಬಂತು. ಅಷ್ಟರಲ್ಲಿ ಆಚೆ ದಡದ ಹತ್ತಿರ ದೊಡ್ಡ ಮೀನೊಂದು ಪಟ್ಟನೆ ಹಾರಿ ಬಿತ್ತು.

"ತಿರುಗು."

ಅವಳು ತಿರುಗಿದಳು. ಅವನು ಕಟರ್ ತೆಗೆದು, ತೋಳಿನ ಹತ್ತಿರ ದಾರ ಕತ್ತರಿಸಿ, ಡಬ್ಬಿಯಿಂದ ಬೇರೆ ನೊಣ ಕಟ್ಟಿಕೊಂಡ. "ಆಮೇಲೆ ಕೀಳ್ತೀನಿ," ಎಂದು ಮತ್ತೆ ಬೀಸತೊಡಗಿದ.

ಭುವನಾ ತೋಳನ್ನು ನೋಡಿಕೊಂಡಳು. ಚುಕ್ಕೆ ಕೋಳಿಯ ಪುಕ್ಕ, ನೊಣದ ಕುತ್ತಿಗೆಗೆ ಸುತ್ತಿದ ಕೆಂಪು ದಾರ. ಅವಳು ಕಟ್ಟಿದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಇದೇ. ಅವಳು ಎದೆಯ ಕ್ಲಿಪ್ ಅಮುಕಿದಳು. ಹೆಗಲು ಜಾಡಿಸಿದಳು. ತೋಳಿನ ನೋವು ಬೆರಳಿನ ತನಕ ಓಡಿತು. ಬ್ಯಾಗು ನೀರಿಗೆ ಬಿದ್ದು, ಮುಳುಗದೆ, ಹೊಳೆ ಕರೆದತ್ತ ಹೊರಟಿತು.

ತಿಮ್ಮೇಶ್ ಕೋಲು ಎತ್ತಿ ಹಿಡಿದು ಬ್ಯಾಗಿನ ಹಿಂದೆ ಬಿದ್ದ. ಕಾಲು ಜಾರಿತು, ನೀರು ಕುಡಿದ, ಎದ್ದ. ಅವಳ ಪಕ್ಕದಲ್ಲೇ ಹಾದುಹೋದ. ಕೆಳಗಿನ ತಿರುವಿನಲ್ಲಿ ಬ್ಯಾಗು ಹಿಡಿದು, ಜಿಪ್ ತೆಗೆದು ಒಳಗೆ ಕೈಯಾಡಿಸಿ ನೋಡಿದ.

"ಒಂದ್ ಹನಿ ನೀರಿಲ್ಲ ಕಣೋ ಮಲ್ಲಿಕ," ಎಂದು ದಡಕ್ಕೆ ಕೂಗಿ ಹೇಳಿದ. ಮುಖ ಅರಳಿತ್ತು. ವಾಪಸ್ ಬಂದು ಭುವನಾಳ ಮುಂದೆ ನಿಂತು, "ಹಾಕ್ಕೊ. ಕ್ಲಿಪ್ ಸರಿಯಾಗಿ ಕೂತಿರ್ಲಿಲ್ಲ ಅನ್ಸುತ್ತೆ," ಎಂದ.

"ಎಲ್ಲಿ ಒತ್ತುತ್ತೆ ಅಂತ ಕೇಳಲ್ವಾ?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅಂಗಡೀಲೇ ಕೇಳಿದ್ನಲ್ಲ," ಎಂದ.

ಭುವನಾ ತಿರುಗಿದಳು. ಅವನು ಪಟ್ಟಿಗಳನ್ನು ಅಗಲಿಸಿ ಹಿಡಿದು ಕಾದ. ಅವಳು ತೋಳಿನಲ್ಲಿದ್ದ ನೊಣವನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ದಡದ ಕಡೆ ನಡೆದಳು.