ಬಾಲಕ್ಕೆ ಎರೆದ ಹಾಲು

ಮಹಾರಾಜರ ಕಾಲದ ಮಾತು. ಕಾರ್ತೀಕದ ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ. ಮದಲೂರಿನ ಮಹಾಲಿಂಗಯ್ಯನ ಹೊಲದಲ್ಲಿ ಮನೆಯವರೆಲ್ಲ ಕಡಲೆಕಾಯಿ ಕೀಳುತ್ತಿದ್ದರು. ಸೊಸೆ ಚನ್ನಮಲ್ಲಮ್ಮ ಕಿತ್ತ ಗಿಡದ ಬುಡದಿಂದ ಮಣ್ಣುಮುಕ್ಕ ಹಾವೊಂದು ಎದ್ದುಬಂತು. ಬೀಸುವ ಕಲ್ಲಿನ ಗೂಟದಷ್ಟು ದಪ್ಪ, ಎರಡು ತುದಿಯೂ ಮೊಂಡು. ಇಲಿ ನುಂಗಿ ಮೆತ್ತನೆ ಮಣ್ಣಿನೊಳಗೆ ಮಲಗಿದ್ದ ಬಡಪಾಯಿ. ಕಚ್ಚುವ ಗೋಜಿಗೂ ಹೋಗದೆ ಸುರುಳಿ ಸುತ್ತಿಕೊಂಡು, ತಲೆಯನ್ನು ಅಡಿಗೆ ಹುದುಗಿಸಿ, ಬಾಲವನ್ನು ಮೇಲೆತ್ತಿತು. ಹೊಡೆಯುವವರು ಬಾಲಕ್ಕೆ ಹೊಡೆಯಲಿ, ತಲೆ ಉಳಿಯಲಿ ಎಂಬ ಬುದ್ಧಿ ಅದಕ್ಕಿತ್ತು. ಆ ಮನೆಯವರಿಗೆ ಅಷ್ಟೂ ಇರಲಿಲ್ಲ.

"ಅಯ್ಯಯ್ಯೋ, ಎರಡು ತಲೆ ಹಾವು!" ಎಂದಳು ಅತ್ತೆ ಜಗದಾಂಬ, ಸೊಸೆಯ ಕಾಲು ನೋಡುತ್ತ. "ಇದು ನೆಕ್ಕಿದ್ರೆ ತೊನ್ನು ಬತ್ತದೆ. ನಿನ್ನ ಕಾಲಿನ ಬಿಳೀ ಮಚ್ಚೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು ಕಣಮ್ಮ!"

ಮಚ್ಚೆ ಬಂದದ್ದು ಈ ಜಗದಾಂಬಳೇ ಕೈತಪ್ಪಿ ಚೆಲ್ಲಿದ ಕುದಿಯುವ ಅಂಬಲಿಯಿಂದ. ಸುಟ್ಟ ಕಾಲಿಗೆ ಜೇನು ಸವರಿದವನು ಗಂಡ ಶಂಕರಲಿಂಗಪ್ಪ. ಅವನು ಈಗ ಬಳ್ಳಿಯ ಮಣ್ಣು ಕೊಡವುತ್ತ ನಿಂತಿದ್ದ.

"ತೊನ್ನಿನ ಹೆಂಗ್ಸು ಒಲೆ ಮುಟ್ಟಂಗಿಲ್ಲ. ತವರಿಗೆ ಕಳ್ಸೋದೇ," ಎಂದ ಮಾವ ಮಹಾಲಿಂಗಯ್ಯ. "ಮೊದ್ಲು ಹಾವಿಗೆ ಶಾಂತಿ ಆಗ್ಲಿ. ಇದಕ್ಕೆ ಆರು ತಿಂಗ್ಳು ಈ ತಲೆ, ಆರು ತಿಂಗ್ಳು ಆ ತಲೆ. ದೀಪಾವಳಿ ಕಳೀತಲ್ಲ, ಈಗ ಮೇಲೆ ಎತ್ತಿರೋದೇ ತಲೆ."

ಹಾಲು ಬಂತು. ಮಾವ ವಿಭೂತಿ ಹಚ್ಚಿಕೊಂಡು ಬಾಲಕ್ಕೆ ಹಾಲೆರೆದ. ಅಷ್ಟರಲ್ಲಿ ಹಾವು ಮೂತಿಯಿಂದ ಮಣ್ಣು ಕೊರೆದುಕೊಂಡು ಅರ್ಧ ಒಳಗೆ ಇಳಿದಿತ್ತು. ಹಾಲು ಮಣ್ಣಿಗೆ ಇಂಗಿತು.

"ಕುಡೀತಾ ಐತೆ, ಕುಡೀತಾ ಐತೆ!" ಎಂದು ಜಗದಾಂಬ ಕೈಮುಗಿದಳು. ಬಾಲವೂ ಮಣ್ಣಿಗಿಳಿಯಿತು. ಇವರು ಇನ್ನೂ ಕೈಮುಗಿದೇ ಇದ್ದರು.

ಚನ್ನಮಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಗಂಡನ ಮುಂದೆ ಕಾಲು ಚಾಚಿದಳು. "ಜೇನು ಸವರ್ದೋರು ನೀವು. ಇದೆಂಗಾಯ್ತು ಅಂತ ಯೋಳಿ. ಒಂದು ಮಾತು ಯೋಳಿ, ಸಾಕು."

ಶಂಕರಲಿಂಗಪ್ಪ ಅಪ್ಪನ ಮುಖ ನೋಡಿದ. ಅವ್ವನ ಮುಖ ನೋಡಿದ. "ಅಪ್ಪಯ್ಯ ಯೋಳ್ದಂಗೆ ಆಗ್ಲಿ."

"ಆ ಹಾವಿಗಾದ್ರೂ ಒಂದು ಕಡೆ ಬಾಯೈತೆ," ಎಂದಳು ಅವಳು. "ನಿಮಗೆ ಎಲ್ಲೈತೆ?"

ಮಾವನಿಗೆ ಆಗ ನೆನಪಾಯಿತು, ಅಂದು ಶುಕ್ರವಾರ. ಶುಕ್ರವಾರ ಮನೆಯ ಹೆಣ್ಣು ಹೊರಟರೆ ಲಕ್ಷ್ಮಿಯೇ ಹೊರಟಂತೆ, ಸೋಮವಾರ ಹೋಗು ಎಂದು ಅತ್ತೆ ಗೋಗರೆದಳು. ಓಡಿಸುವುದಕ್ಕೂ ಒಳ್ಳೆಯ ದಿನ ಬೇಕಿತ್ತು ಅವರಿಗೆ! ಚನ್ನಮಲ್ಲಮ್ಮ ತವರಿನಿಂದ ತಂದಿದ್ದ ಹಸುವನ್ನು ಬಿಚ್ಚಿ ಹೊಡೆದುಕೊಂಡು ತವರೂರು ಬಡವನಹಳ್ಳಿಯ ದಾರಿ ಹಿಡಿದಳು, ಶುಕ್ರವಾರವೇ.