ಲಾರಿಯ ಹಿಂದೆ ಲವಾನಳ ಜೀಪು

ನಮ್ಮಕ್ಕ ಲವಾನ್ ಅರವತ್ತು ದಾಟಿದ ಮೇಲೆ ಎರಡನೇ ಮದುವೆಯಾದಳು. ಗಂಡ ಆರಿನ್ ಐಡಹೋದ ಸ್ಯಾಮನ್ ಊರಿನವನು. ಕುದುರೆಗಳಿಗೆ ಲಾಳ ಹೊಡೆಯುವ ಕೆಲಸ. ಮಾತು ಕಡಿಮೆ, ನಗು ಜಾಸ್ತಿ. ಮದುವೆಯಾದ ಹೊಸದರಲ್ಲಿ ಇಬ್ಬರೂ ಒಂದು ಮಾತಿಗೂ ಜಗಳವಾಡಲಿಲ್ಲ. ಆಮೇಲೆ ಅಕ್ಕನ ಮನೆ ಖಾಲಿ ಮಾಡಿ ಅವನ ಊರಿಗೆ ಹೋಗುವುದೆಂದಾಯಿತು, ಜೀಪಿನ ಮಾತು ಬಂತು.

ಜೀಪು ಅಕ್ಕನದು. ಅವಳಿದ್ದ ಊರು ನೆವಾಡಾದ ಈಲಿಯಲ್ಲಿ ತಾಮ್ರದ ಗಣಿಯವರಿಗೆ ಬೇಯಿಸಿ ಬಡಿಸಿ ಕೊಂಡದ್ದು. ಅದರ ಹಸಿರು ಬಣ್ಣ ಬಿಸಿಲಿಗೆ ಸುಣ್ಣದಂತಾಗಿತ್ತು. ಬಾಗಿಲು ಮುಚ್ಚಬೇಕಾದರೆ ಸೊಂಟದಿಂದ ತಳ್ಳಬೇಕು. ಆದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ಮೊದಲ ಗಂಡ ಬಿಟ್ಟುಹೋದ ವರ್ಷ ಅಕ್ಕ ಅದರಲ್ಲೇ ಬೆಟ್ಟ ಬೆಟ್ಟ ಅಲೆದು, ಪೈನ್ ಮರದ ಬೀಜ ಆರಿಸಿ, ಒಂದು ದಿನ ಅಳು ನಿಲ್ಲಿಸಿ ಮನೆಗೆ ಬಂದಿದ್ದಳು. ಅದನ್ನು ಈಲಿಯಲ್ಲೇ ಮಾರಿ ಬನ್ನಿ ಎಂದು ಆರಿನ್‌ನ ತಮ್ಮ ಡ್ವೇನ್ ಫೋನಿನಲ್ಲಿ ಹೇಳಿದಾಗ ಅವಳ ಕಿವಿ ಕೆಂಪಾಯಿತು.

"ಮಾರೋದಿಲ್ಲ. ಮನೆ ಸಾಮಾನಿನ ಲಾರಿ ಹಿಂದೆ ಕಟ್ಕೊಂಡು ಬರ್ತೀವಿ," ಎಂದಳು.

"ನಾಲ್ಕು ಚಕ್ರಾನೂ ನೆಲದ ಮೇಲಿಟ್ಟು ಎಳ್ಕೊಂಡು ಬರ್ತೀರಾ? ಅರ್ಧ ದಾರೀಲಿ ಗೇರ್‌ಬಾಕ್ಸ್ ಪುಡಿಪುಡಿ ಆಗತ್ತೆ ನೋಡ್ತಿರು! ಮುಂದಿನ ತಿಂಗಳು ಅದನ್ನ ಹೇರೋಕೆ ನಾನೇ ಟ್ರೇಲರ್ ತರ್ತೀನಿ."

"ಮುಂದಿನ ತಿಂಗಳು ನಿನ್ನ ಟ್ರೇಲರ್ ಮೇಲೆ ನೀನೇ ಹಾಸ್ಕೊಂಡು ಮಲಕ್ಕೋ," ಎಂದು ಅಕ್ಕ ಫೋನಿಟ್ಟಳು.

ಆರಿನ್ ಮೆಲ್ಲಗೆ ಕೇಳಿದ: "ಬೇರೆ ಬೇರೆ ಹೋದ್ರೆ ಆಗಲ್ವಾ? ನಾನು ಲಾರೀಲಿ, ನೀನು ಜೀಪಲ್ಲಿ?"

"ಮದುವೆ ಬಟ್ಟೆ ಇನ್ನೂ ಒಗೆದಿಲ್ಲ. ಆಗಲೇ ನೀನೊಂದು ಗಾಡಿ, ನಾನೊಂದು ಗಾಡೀನಾ?"

ಅಲ್ಲಿಗೆ ಆ ಮಾತು ಮುಗಿಯಿತು.

ಹೊರಡುವ ಬೆಳಗ್ಗೆ ಅಕ್ಕ ಹಳೆಯ ಕೋಟು ಹಾಸಿ ಜೀಪಿನ ಕೆಳಗೆ ಮಲಗಿ, ಮುಂದಿನ ಚೌಕಟ್ಟಿಗೆ ಎಳೆಯುವ ಕಂಬಿಯನ್ನು ಬೋಲ್ಟು ಹಾಕಿ ಬಿಗಿದಳು. ಇಂಗ್ಲಿಷಿನ ಎ ಅಕ್ಷರದಂಥ ಆ ಕಬ್ಬಿಣದ ತುದಿಯನ್ನು ಲಾರಿಯ ಹಿಂದಿನ ಎಳೆಯುವ ಗುಂಡಿನ ಮೇಲೆ ಕೂರಿಸಿ, ಪಿನ್ನು ಹಾಕಿ, ಕಂಬಿ ಕೈಕೊಟ್ಟರೂ ಇರಲೆಂದು ಎರಡು ಸರಪಳಿಯನ್ನು ಕತ್ತರಿಯಾಗಿ ಕಟ್ಟಿದಳು. ಜೀಪಿನ ಬೆನ್ನಿಗೆ ಅಯಸ್ಕಾಂತದ ದೀಪಗಳನ್ನು ಅಂಟಿಸಿ ಲಾರಿಯಿಂದ ತಂತಿ ಎಳೆದಳು. ಸ್ಟೀರಿಂಗು ಬೀಗ ಬೀಳದೆ ತಾನೇ ತಿರುಗುವಂತಿರಲಿ ಎಂದು ಬೀಗದ ಕೈ ತಿರುಗಿಸಿ ಬಿಟ್ಟಳು. ಕೊನೆಗೆ ದೊಡ್ಡ ಗೇರಿನ ಪಕ್ಕದ ಚಿಕ್ಕ ಗೇರನ್ನು ನ್ಯೂಟ್ರಲ್ಲಿಗೆ ತಂದಳು.

"ಇದೇ ಗುಟ್ಟು, ಗ್ಲೆಂಡಾ," ಎಂದಳು ನನಗೆ. "ಈಗ ಚಕ್ರ ಎಷ್ಟು ತಿರುಗಿದ್ರೂ ಗೇರ್‌ಬಾಕ್ಸಿಗೆ ಸುದ್ದೀನೇ ಹೋಗಲ್ಲ. ಡ್ವೇನ್‌ಗೆ ಇದು ಗೊತ್ತಿಲ್ಲ."

ನನಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಗಾಡಿ ಓಡಿಸುವಂತಿರಲಿಲ್ಲ. ಹೊಸ ಮನೆ ಜೋಡಿಸಲು ಜೊತೆಗೆ ಬಾ ಎಂದಿದ್ದರು. ಹಾಗಾಗಿ ಮದುಮಕ್ಕಳ ನಡುವೆ, ಮಡಿಲಲ್ಲಿ ಗಡಿಯಾರದ ಪೆಟ್ಟಿಗೆ ಇಟ್ಟುಕೊಂಡು ಕುಳಿತೆ. ಲಾರಿ ನಾನೇ ಓಡಿಸುತ್ತೇನೆ ಎಂದು ಆರಿನ್ ಹಟ ಹಿಡಿದ. ಹೆಂಡತಿಯ ಕೈಯಲ್ಲಿ ಓಡಿಸಿಕೊಂಡು ಬಂದ ಎಂದು ತಮ್ಮ ಆಡಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ಊರು ದಾಟುವ ಮೊದಲೇ ಸುಟ್ಟ ವಾಸನೆ ಬಂತು. ಆರಿನ್‌ನ ಮುಖ ಬಿಳಿಚಿತು. "ಗೇರ್‌ಬಾಕ್ಸ್! ಡ್ವೇನ್ ಹೇಳಿದ ಹಾಗೇ ಆಯ್ತು!"

ಅಕ್ಕ ಇಳಿದು ಹೋಗಿ ನೋಡಿದಳು. ಹಿಂದಿನ ಚಕ್ರಗಳು ಮುಟ್ಟಲಾರದಷ್ಟು ಬಿಸಿಯಾಗಿದ್ದವು. ಜೀಪಿನೊಳಗೆ ಬಗ್ಗಿದವಳು ಅಲ್ಲಿಂದಲೇ ಕೂಗಿದಳು: "ಹ್ಯಾಂಡ್‌ಬ್ರೇಕ್ ಎಳೆದವರು ಯಾರು?"

ಆರಿನ್ ಬೂಟಿನ ತುದಿ ನೋಡಿದ. "ಉರುಳಿ ಹೋದೀತು ಅಂತ... ಅಭ್ಯಾಸ ಬಲ."

"ನಿನ್ನ ಅಭ್ಯಾಸಕ್ಕೆ ಲಾಳ ಹೊಡೀತೀನಿ, ತಾಳು!" ಎಂದಳು ಅಕ್ಕ. ಆದರೆ ಬ್ರೇಕು ಆರುವವರೆಗೆ ಅವನ ಪಕ್ಕದಲ್ಲೇ ಕುಳಿತು ಒಂದೇ ಫ್ಲಾಸ್ಕಿನಿಂದ ಕಾಫಿ ಕುಡಿದಳು.

ಎರಡನೇ ಪಾಠ ದಾರಿಯ ಮೇಲಿನ ಊರು ಟ್ವಿನ್ ಫಾಲ್ಸ್‌ನಲ್ಲಿ ಆಯಿತು. ಪ್ಯಾನ್‌ಕೇಕ್ ತಿನ್ನಲು ಆರಿನ್ ಒಂದು ಹೋಟೆಲಿನ ಇಕ್ಕಟ್ಟಾದ ಅಂಗಳಕ್ಕೆ ಲಾರಿ ನುಗ್ಗಿಸಿದ. ತಿಂದು ಬರುವಷ್ಟರಲ್ಲಿ ಎದುರಿಗೆ ಹಾಲಿನ ಟ್ಯಾಂಕರು ಬಂದು ನಿಂತಿತ್ತು. ಆರಿನ್ ಲಾರಿಯನ್ನು ಹಿಂದಕ್ಕೆ ಬಿಟ್ಟ. ಜೀಪಿನ ಮುಂದಿನ ಚಕ್ರಗಳು ಗಕ್ಕನೆ ಅಡ್ಡ ತಿರುಗಿದವು; ಕಂಬಿ ಕಿರ್ರೆಂದಿತು.

"ನಿಲ್ಸು! ಹಿಂದಕ್ಕೆ ಒಂದು ಗೇಣೂ ಹೋಗಂಗಿಲ್ಲ ಇದು. ಬಿಚ್ಚಬೇಕು," ಎಂದು ಅಕ್ಕ ಕೂಗಿದಳು.

ಬಿಗಿತಕ್ಕೆ ಪಿನ್ನು ಹಿಡಿದುಕೊಂಡಿತ್ತು. ಅಕ್ಕ ಜೀಪು ಹತ್ತಿ, ಎಂಜಿನ್ ಹಚ್ಚಿ, ಚಿಕ್ಕ ಗೇರನ್ನು ನ್ಯೂಟ್ರಲ್ಲಿನಿಂದ ತೆಗೆದು, ಕೂದಲೆಳೆಯಷ್ಟು ಮುಂದೆ ಬಂದಳು. ಬಿಗಿ ಸಡಿಲವಾದ ಕ್ಷಣ ಆರಿನ್ ಪಿನ್ನು ಕಿತ್ತ. ಎರಡೂ ಗಾಡಿಯನ್ನು ಬೇರೆ ಬೇರೆಯಾಗಿ ಹೊರಗೆ ತಂದು ಮತ್ತೆ ಕಟ್ಟಿದರು. ಈ ಸಲ ಹ್ಯಾಂಡ್‌ಬ್ರೇಕನ್ನು ಮೂವರೂ ಸರದಿಯಲ್ಲಿ ಮುಟ್ಟಿ ನೋಡಿದೆವು.

ಆಮೇಲೆ ದಾರಿ ಸಲೀಸಾಯಿತು. ಲಾವಾ ಕಲ್ಲಿನ ಕಪ್ಪು ಬಯಲಿನಲ್ಲಿ ಜೀಪು ನಾಯಿಮರಿಯ ಹಾಗೆ ನಮ್ಮ ಹಿಂದೆಯೇ ಓಡಿಬಂತು. ತಿರುವಿನಲ್ಲಿ ಅದರ ಸ್ಟೀರಿಂಗು ಯಾರೂ ಹಿಡಿಯದೆ ತಾನೇ ತಿರುಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಅಕ್ಕ ಅದನ್ನು ನೋಡಿ ನೋಡಿ ನಗುತ್ತಿದ್ದಳು.

ಮ್ಯಾಕಿ ಊರು ದಾಟಿ ವಿಲೋ ಕ್ರೀಕ್ ಘಾಟಿ ಹತ್ತುವಾಗ ಹಿಮ ಶುರುವಾಯಿತು. ಏಪ್ರಿಲ್ಲಿನ ಹಸಿ ಹಿಮ, ಸಾಬೂನಿನ ಹಾಗೆ ಜಾರುವಂಥದ್ದು. ನೆತ್ತಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಲಾರಿಯ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗತೊಡಗಿದವು. ಆರಿನ್ ಬ್ರೇಕು ತುಳಿದ. ಹಿಂದೆ ಆಗಲೇ ಐದಾರು ಗಾಡಿ ಸಾಲು ನಿಂತಿದ್ದವು.

"ಹಿಂದಕ್ಕೆ ಹೋಗೋ ಹಾಗಿಲ್ಲ," ಎಂದ ಆರಿನ್. "ತಪ್ಪಾಯ್ತು ಲವಾನ್. ಡ್ವೇನ್ ಮಾತು ಕೇಳಬೇಕಿತ್ತು."

"ಯಾರು ಹಿಂದಕ್ಕೆ ಹೋಗ್ತಾರೆ?" ಅಕ್ಕ ಆಗಲೇ ಕೈಗವಸು ಹಾಕುತ್ತಿದ್ದಳು. "ಗ್ಲೆಂಡಾ, ಚಕ್ರದ ಹಿಂದೆ ಕಲ್ಲು ಕೊಡು. ನಿನ್ನ ಕೆಂಪು ಶಾಲು ಬೀಸಿ ಆ ಗಾಡಿಗಳನ್ನ ದೂರ ನಿಲ್ಲಿಸು."

ಹೋಟೆಲಿನ ಅಂಗಳದಲ್ಲಿ ಕಲಿತದ್ದು ಇಲ್ಲಿ ಕೈಗೆ ಬಂತು. ಅವಳು ಜೀಪಿನಲ್ಲಿ ಚೂರು ಮುಂದೆ ಬಂದಳು, ಅವನು ಪಿನ್ನು ಕಿತ್ತ. ಒಂದು ಮಾತೂ ಬೇಕಾಗಲಿಲ್ಲ. ಜೀಪಿನ ನಾಲ್ಕೂ ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಅದರಲ್ಲೇ ಇದ್ದ ಸರಪಳಿ ತೊಡಿಸಿದರು; ಅವು ಲಾರಿಯ ಚಕ್ರಕ್ಕೆ ಸಾಲುತ್ತಿರಲಿಲ್ಲ. ಚಿಕ್ಕ ಗೇರನ್ನು ನಾಲ್ಕು ಚಕ್ರದ ನಿಧಾನದ ಬಲಕ್ಕೆ ಹಾಕಿ ಅಕ್ಕ ಲಾರಿಯನ್ನು ಬಳಸಿ ಮುಂದೆ ಬಂದು ನಿಂತಳು. ಆರಿನ್ ದಪ್ಪ ಸರಪಳಿಯ ಒಂದು ತುದಿ ಜೀಪಿನ ಹಿಂದಿನ ಕೊಕ್ಕೆಗೆ, ಇನ್ನೊಂದು ತುದಿ ಲಾರಿಯ ಮೂತಿಯ ಕೊಕ್ಕೆಗೆ ಸಿಕ್ಕಿಸಿದ.

ಸಾಲಿನಲ್ಲಿದ್ದ ಒಬ್ಬ ಗಾಜು ಇಳಿಸಿ ನನ್ನನ್ನು ಕೇಳಿದ: "ಏನಮ್ಮಾ, ಈ ಬೆಂಕಿಪೊಟ್ಟಣ ಅಷ್ಟು ದೊಡ್ಡ ಲಾರೀನ ಎಳೆಯತ್ತಾ?"

"ಅದೊಂದೇ ಎಳೆಯಲ್ಲ. ಲಾರೀನೂ ತನ್ನ ಪಾಲಿಂದು ಮಾಡತ್ತೆ. ಹಿಂದೆ ಕಟ್ಟಿದ್ದ ಜೀಪಿನ ಭಾರ ಇಳೀತಲ್ಲ," ಎಂದೆ. ಧೈರ್ಯವಾಗಿಯೇ ಹೇಳಿದೆ.

ಸರಪಳಿ ಬಿಗಿಯಾಯಿತು. ಜೀಪು ಮೂಗು ತಗ್ಗಿಸಿದ ಹೋರಿಯಂತೆ ನೆಲ ಕಚ್ಚಿ ನಿಂತಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಲಾರಿ ಒಮ್ಮೆ ನಿಟ್ಟುಸಿರಿಟ್ಟ ಹಾಗೆ ಅಲುಗಿ, ನಾನಿಟ್ಟ ಕಲ್ಲು ಬಿಟ್ಟು, ಆಮೆಯ ನಡಿಗೆಯಲ್ಲಿ ಮುಂದೆ ಹೊರಟಿತು. ಅಕ್ಕ ಗಡಿಬಿಡಿ ಮಾಡಲಿಲ್ಲ. ಜಗ್ಗಲಿಲ್ಲ. ಒಂದೇ ಸಮನೆ ಎಳೆದಳು. ಬೆಂಕಿಪೊಟ್ಟಣ ಎಂದವನೇ ಮೊದಲು ಹಾರ್ನು ಬಾರಿಸಿದ, ಆಮೇಲೆ ಸಾಲಿನ ಎಲ್ಲರೂ. ನಾನು ಶಾಲು ತಲೆಯ ಮೇಲೆ ತಿರುಗಿಸುತ್ತಾ ಹಿಮದಲ್ಲಿ ಹಿಂದೆ ಹಿಂದೆ ಓಡಿದೆ. ನನ್ನ ವಯಸ್ಸಿಗೆ ಓಡುವುದಲ್ಲ ಅದು, ಓಡಿದೆ.

ಘಾಟಿಯ ನೆತ್ತಿಯಲ್ಲಿ, ರಸ್ತೆ ಅಗಲವಾದ ಕಡೆ, ಒಂದು ಹೊಸ ದೊಡ್ಡ ಪಿಕಪ್ ನಿಂತಿತ್ತು. ಅದರ ಹಿಂದೆ ಖಾಲಿ ಟ್ರೇಲರು. ಜೀಪು ದಾರಿಯಲ್ಲಿ ಕೆಟ್ಟು ನಿಂತೇ ಇರುತ್ತದೆ ಎಂದುಕೊಂಡು ಹೊತ್ತೊಯ್ಯಲು ಬಂದಿದ್ದ ಡ್ವೇನ್ ಬಾಯಿ ತೆರೆದುಕೊಂಡು ನಿಂತಿದ್ದ. ಹೆಗಲ ಮೇಲೆ ಹಿಮ ಬೀಳುತ್ತಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ.

"ಇದೇನು... ಜೀಪ್ ಮುಂದೆ, ಲಾರಿ ಹಿಂದೆ?" ಎಂದ.

"ಗೇರ್‌ಬಾಕ್ಸ್ ಪುಡಿ ಆಗಿದ್ಯಾ ನೋಡು, ಬಾ," ಎಂದಳು ಅಕ್ಕ.

ಡ್ವೇನ್ ಜೀಪಿನ ಸುತ್ತ ಒಂದು ಸುತ್ತು ಬಂದ. "ಸರಿ, ಸರಿ. ಇನ್ನಾದ್ರೂ ಅದನ್ನ ಟ್ರೇಲರ್ ಮೇಲೆ ಹತ್ತಿಸಿ. ಇಳಿಜಾರು ಇದೆ."

"ನಿನ್ನ ಪಿಕಪ್ಪನ್ನೇ ಹತ್ತಿಸು. ಇಳಿಜಾರಲ್ಲಿ ಅದಕ್ಕೇ ಹೆದರಿಕೆ ಆದೀತು."

ಆರಿನ್ ಹೊಟ್ಟೆ ಹಿಡಿದು ನಕ್ಕ. ತಮ್ಮನ ಎದುರಿಗೆ ಅವನು ಹಾಗೆ ನಕ್ಕದ್ದು ಅದೇ ಮೊದಲಿರಬೇಕು. ಡ್ವೇನ್ ಬೆಚ್ಚಿ ನೋಡಿದ. ಆರಿನ್ ಲಾರಿಯ ಬೀಗದ ಕೈಯನ್ನು ಅಕ್ಕನ ಕೈಗಿಟ್ಟು, ತಾನೇ ಸುತ್ತಿ ಬಂದು ಕಿಟಕಿ ಪಕ್ಕದ ಸೀಟು ಹತ್ತಿದ. ಕಿಟಕಿಯಿಂದ ತಲೆ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ಹೆಂಡತಿ ಓಡಿಸ್ತಾಳೆ. ನೀನು ಹಿಂದೆ ಬಾ."

ರಸ್ತೆ ಜಾರದಂತೆ ಉಪ್ಪು ಮರಳು ಚೆಲ್ಲುವ ಗಾಡಿ ಆಚೆ ಮಗ್ಗುಲಿನಿಂದ ಬಂದು ಹೋಗುವವರೆಗೆ ಕಾದು, ಜೀಪನ್ನು ಮತ್ತೆ ಲಾರಿಯ ಹಿಂದೆ ಕಟ್ಟಿದೆವು. ಅಕ್ಕ ತಗ್ಗಿನ ಗೇರಿನಲ್ಲಿ ನಿಧಾನವಾಗಿ ಇಳಿಸಿದಳು. ಚಾಲಿಸ್ ಊರು ದಾಟುವಾಗ ಹಿಮ ನಿಂತಿತು. ನದಿಯ ಪಕ್ಕದ ರಸ್ತೆಗೆ ಸಂಜೆಯ ಬಿಸಿಲು ಬಿತ್ತು.

ಸ್ಯಾಮನ್‌ನ ಮುಖ್ಯ ಬೀದಿಯಲ್ಲಿ ಜನ ನಿಂತು ನೋಡಿದರು. ಮುಂದೆ ಲಾರಿ, ಹಿಂದೆ ಕೆಸರು ಬಳಿದುಕೊಂಡ ಜೀಪು, ಅದರ ಹಿಂದೆ ಡ್ವೇನ್‌ನ ಖಾಲಿ ಟ್ರೇಲರು. ಕ್ಷೌರದಂಗಡಿಯ ಮುದುಕ ಕತ್ತರಿ ಹಿಡಿದೇ ಹೊರಗೆ ಬಂದು, "ಏನು ಡ್ವೇನ್, ಅವರು ನಿನ್ನನ್ನೂ ಎಳ್ಕೊಂಡು ಬಂದ್ರಾ?" ಎಂದು ಕೂಗಿದ. ಅಕ್ಕ ಆರಿನ್‌ನ ಮನೆ ಮುಂದಿನ ಕುದುರೆ ಬಯಲಿಗೆ ತಿರುಗಿಸಿ, ದೊಡ್ಡದೊಂದು ಸುತ್ತು ಹಾಕಿ, ಬಾಗಿಲಿಗೆ ನೇರವಾಗಿ ನಿಲ್ಲಿಸಿ ಎಂಜಿನ್ ಆರಿಸಿದಳು.

ಮೊದಲು ಸೋಫಾ ಹೊತ್ತವನು ಡ್ವೇನ್. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ನಿಂತು, "ಲವಾನ್, ಆ ಚಿಕ್ಕ ಗೇರಿನ ವಿಷಯ ನಾಳೆ ಸ್ವಲ್ಪ ತೋರಿಸು," ಎಂದ.

"ತೋರಿಸ್ತೀನಿ. ಈಗ ಬಾಗಿಲಿಂದ ಸರಿ, ನನ್ನ ಮನೆ ಒಳಗೆ ಹೋಗಬೇಕು ನಾನು," ಎಂದಳು ಅಕ್ಕ. ಆರಿನ್ ಬಾಗಿಲು ಹಿಡಿದು ನಿಂತಿದ್ದ.